ಹೈನು ಕಟ್ಟಿದ ಮನೆಗೆ ಎರಡು ಲೆಕ್ಕ



ಮನೆಯ ಮುಂದೆ ಒಂದು ಎಮ್ಮೆ ಕಟ್ಟಿದರೆ ಮಕ್ಕಳಿಗೆ ಹಾಲು, ಊಟಕ್ಕೆ ಮೊಸರು-ಬೆಣ್ಣೆ, ಕೈಗೆ ನಾಲ್ಕು ಕಾಸು. ಇದು ನಮ್ಮ ಅತ್ತೆಯಂದಿರ ಕಾಲದಿಂದ ಕೇಳಿಕೊಂಡು ಬಂದ ಮಾತು. ಮಾತೇನೂ ಸುಳ್ಳಲ್ಲ. ಆದರೆ ಅಂದು ಎಮ್ಮೆಯನ್ನು ಸಾಲ ಮಾಡಿ ತರುತ್ತಿರಲಿಲ್ಲ. ಮೇವು ಹೊಲದಿಂದ ಬರುತ್ತಿತ್ತು, ತಿಪ್ಪೆ ಊರ ಹೊರಗೆ ಇರುತ್ತಿತ್ತು. ಇಂದು ಎಮ್ಮೆಗೆ ಬ್ಯಾಂಕಿನ ಸಾಲ, ಮೇವಿಗೆ ರೊಕ್ಕ, ತಿಪ್ಪೆಗೆ ಜಾಗವಿಲ್ಲ. ಆದ್ದರಿಂದ ಹೈನು ಕಟ್ಟುವ ಮನೆಯಲ್ಲಿ ಹಾಲಿನ ಲೆಕ್ಕದ ಜೊತೆಗೆ ಇನ್ನೆರಡು ಲೆಕ್ಕ ಇಡಲೇಬೇಕಾಗಿದೆ. ಒಂದು ಸಗಣಿಯ ಲೆಕ್ಕ, ಇನ್ನೊಂದು ಹಣದ ಲೆಕ್ಕ. ಇವೆರಡೂ ಬೇರೆ ಬೇರೆ ಅಂತ ತಿಳಿಯಬೇಡಿ. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ಹೇಗೆ ಅಂತ ಮುಂದೆ ನೋಡೋಣ.

ನಮ್ಮದು ಹೊಸಪೇಟೆ ಸೀಮೆಯ ಬುಕ್ಕಸಾಗರ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ವಿಜಯನಗರ ಕಾಲದ ಕಾಲುವೆಗಳು. ಬಾಳೆ, ಕಬ್ಬು, ನೆಲ್ಲು ಬೆಳೆಯುವ ನೆಲ. ಇಷ್ಟು ನೀರಿರುವ ಊರಿನಲ್ಲಿ ಹೈನಿಗೆ ಏನು ಕೊರತೆ ಅಂತ ನೀವು ಕೇಳಬಹುದು. ಕೊರತೆ ನೀರಿನದಲ್ಲ, ಲೆಕ್ಕದ್ದು. ಹಾಲು ಕರೆಯುವವಳು, ಸಗಣಿ ಬಾಚುವವಳು, ಮೇವು ಹಾಕುವವಳು ನಾವೇ. ಆದರೆ ಲೆಕ್ಕದ ಪುಸ್ತಕ ಮಾತ್ರ ಯಜಮಾನರ ಕಿಸೆಯಲ್ಲಿ ಇರುತ್ತದೆ, ಅಲ್ಲವೇ?

ಮೊದಲು ಸಗಣಿಯ ಲೆಕ್ಕ

ಒಂದು ದೊಡ್ಡ ಎಮ್ಮೆ ಅಥವಾ ಆಕಳು ದಿನಕ್ಕೆ ಸುಮಾರು 15ರಿಂದ 20 ಕಿಲೊ ಸಗಣಿ ಹಾಕುತ್ತದೆ. ಗಂಜಲವೂ ಸುಮಾರು ಅಷ್ಟೇ ಲೀಟರು. ದಿನಕ್ಕೆ 15 ಕಿಲೊ ಅಂತ ಹಿಡಿದರೂ ವರ್ಷಕ್ಕೆ ಒಂದೇ ಎಮ್ಮೆಯದು ಐದೂವರೆ ಟನ್ನಿಗೆ ಹತ್ತಿರ ಬಂತು. ಎರಡಿದ್ದರೆ ಹತ್ತು ಟನ್ನು ದಾಟಿತು! ಒಂದು ಓಣಿಯಲ್ಲಿ ಹತ್ತು ಮನೆಯವರು ಎರಡೆರಡು ಕಟ್ಟಿದರೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ಇಷ್ಟು ಸಗಣಿ ಎಲ್ಲಿ ಹೋಗುತ್ತದೆ? ಸ್ವಲ್ಪ ಕುಳ್ಳಾಗುತ್ತದೆ, ಸ್ವಲ್ಪ ತಿಪ್ಪೆ ಸೇರುತ್ತದೆ. ಉಳಿದದ್ದು ಕೊಟ್ಟಿಗೆ ತೊಳೆದ ನೀರಿನ ಜೊತೆ ಚರಂಡಿಗೆ, ಚರಂಡಿಯಿಂದ ಕಾಲುವೆಗೆ, ಕಾಲುವೆಯಿಂದ ಹೊಳೆಗೆ. ನಮ್ಮೂರು ದಾಟಿದ ಹೊಳೆ ಮುಂದೆ ಕಂಪ್ಲಿ ಕಡೆಗೆ ಹೋಗುತ್ತದೆ. ನಾವು ಬಿಟ್ಟ ರಾಡಿ ಅಲ್ಲಿಯ ಅಕ್ಕತಂಗಿಯರ ಕೊಡಕ್ಕೆ. ನಮಗೂ ಮೇಲಿನ ಊರಿನವರು ಹಾಗೇ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನೊಂದು ಮಾತು. ಬೋರು ಅಥವಾ ಬಾವಿಯ ಪಕ್ಕದಲ್ಲೇ ತಿಪ್ಪೆ ಇದ್ದರೆ ಮಳೆಗಾಲದಲ್ಲಿ ಅದರ ರಸ ನೆಲದೊಳಕ್ಕೆ ಇಳಿಯುತ್ತದೆ. ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಹೆಚ್ಚುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ. ಮೀರಿದರೆ ಹೆಚ್ಚಿನ ಅಪಾಯ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ. ಅವುಗಳ ರಕ್ತ ಉಸಿರನ್ನು ಸರಿಯಾಗಿ ಸಾಗಿಸಲಾರದೆ ಮೈ ನೀಲಿಗಟ್ಟುತ್ತದೆ. ಆದ್ದರಿಂದ ಕುಡಿಯುವ ನೀರಿನ ಮೂಲದಿಂದ ತಿಪ್ಪೆ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು. ಐವತ್ತು ಅಡಿಗಿಂತ ಹತ್ತಿರವಂತೂ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

"ಎಮ್ಮೆ ಕಟ್ಟೋಕೂ ಕಾನೂನಾ?" ಅಂತ ನಗಬೇಡಿ. 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ಹೊಳೆ, ಹಳ್ಳ, ಬಾವಿಗೆ ಹೊಲಸು ಬಿಡುವುದು ಅಪರಾಧ. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಡೈರಿಗಳಿಗೂ ಗೋಶಾಲೆಗಳಿಗೂ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಅದಕ್ಕೆ ಹಿನ್ನೆಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನಡೆದ ಒಂದು ಮೊಕದ್ದಮೆ. ಸಗಣಿಯನ್ನು ಚರಂಡಿಗೆ, ಕೆರೆಗೆ ತಳ್ಳಬಾರದು. ಗೊಬ್ಬರವನ್ನೋ ಗೋಬರ್ ಗ್ಯಾಸನ್ನೋ ಮಾಡಿ ಬಳಸಬೇಕು. ತೊಳೆಯುವ ನೀರನ್ನು ಮಿತವಾಗಿ ಬಳಸಬೇಕು. ಇದು ಅದರ ಸಾರ. ಗುಂಪುಗಟ್ಟಲೆ ದನ ಸಾಕುವ ದೊಡ್ಡ ಡೈರಿಯವರು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯನ್ನೂ ಪಡೆಯಬೇಕು.

ಒಂದೆರಡು ಎಮ್ಮೆ ಕಟ್ಟುವ ನಮ್ಮ ಮನೆಗೆ ಮಂಡಳಿಯವರು ಬರುವುದಿಲ್ಲ, ನಿಜ. ಆದರೆ ನೆರೆಮನೆಯವರು ಪಂಚಾಯ್ತಿಗೆ ಅರ್ಜಿ ಕೊಟ್ಟರೆ ಪಂಚಾಯ್ತಿಯವರು ಬಂದೇ ಬರುತ್ತಾರೆ. ಓಣಿಯ ನಡುವೆ ಹರಿಯುವ ಗಂಜಲಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಹಬ್ಬಕ್ಕೆ ಹೋಳಿಗೆ ಕೊಟ್ಟು-ತರುವ ನಂಟನ್ನು ಸಗಣಿಯ ಕಾಲಕ್ಕೆ ಕಳೆದುಕೊಳ್ಳುವುದೇ? "ಹತ್ತು ಎಮ್ಮೆ ಕಟ್ಟಿ ಡೈರಿ ಮಾಡೋಣ" ಅಂತ ಮನೆಯವರು ಹೊರಟರೆ, ಮೊದಲು ಪಂಚಾಯ್ತಿಯಲ್ಲೂ ಪಶು ಆಸ್ಪತ್ರೆಯಲ್ಲೂ ಕೇಳಿ ಬನ್ನಿ. ಶೆಡ್ಡು ಕಟ್ಟಿದ ಮೇಲೆ ಕೇಳುವುದಲ್ಲ.

ಸಗಣಿಯಿಂದಲೇ ಉಳಿತಾಯ

ಕೊಟ್ಟಿಗೆಯ ನೆಲ ಸ್ವಲ್ಪ ಇಳಿಜಾರಾಗಿರಲಿ. ಕೊನೆಯಲ್ಲಿ ಒಂದು ಸಣ್ಣ ಕಾಲುವೆ ತೆಗೆದು ಗಂಜಲ ಒಂದು ಗುಂಡಿಗೆ ಬೀಳುವಂತೆ ಮಾಡಿ. ಮೊದಲು ಸಗಣಿಯನ್ನು ಬಾಚಿ ತೆಗೆಯಿರಿ, ಆಮೇಲೆ ನೀರು ಹಾಕಿ. ಸಗಣಿಯ ಸಮೇತ ಪೈಪು ಹಿಡಿದರೆ ನೀರೂ ಹಾಳು, ಗೊಬ್ಬರವೂ ಹಾಳು. ತಿಪ್ಪೆಗುಂಡಿಯಲ್ಲಿ ಸಗಣಿ, ಒಣ ಕಸ, ಬಾಳೆ ಎಲೆ, ಮೇಲೊಂದಿಷ್ಟು ಮಣ್ಣು ಹೀಗೆ ಪದರ ಪದರವಾಗಿ ಹಾಕಿ ಮುಚ್ಚಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಕರಿ ಗೊಬ್ಬರ ತಯಾರು. ಬಾಳೆ ತೋಟದವರು ಟ್ರ್ಯಾಕ್ಟರ್ ತಂದು ಕೊಂಡು ಹೋಗುತ್ತಾರೆ. ಮೇಲೆ ಮಣ್ಣು ಮುಚ್ಚುವುದನ್ನು ಮಾತ್ರ ಬಿಡಬೇಡಿ. ನೊಣ ಹುಟ್ಟುವುದು ಬಯಲು ತಿಪ್ಪೆಯಲ್ಲಿಯೇ.

ಎರಡು ಘನ ಮೀಟರಿನ ಗೋಬರ್ ಗ್ಯಾಸ್ ತೊಟ್ಟಿಗೆ ದಿನಕ್ಕೆ ಸುಮಾರು 50 ಕಿಲೊ ಸಗಣಿ ಬೇಕು, ಅಂದರೆ ಮೂರು ನಾಲ್ಕು ದನ. ನಾಲ್ಕೈದು ಮಂದಿಯ ಮನೆಯ ಅಡಿಗೆ ಅದರಲ್ಲಿ ಆಗುತ್ತದೆ. ಹೊರಬರುವ ರಾಡಿ ಒಳ್ಳೆಯ ಗೊಬ್ಬರ. ಒಂದೇ ಎಮ್ಮೆ ಇಟ್ಟುಕೊಂಡು ತೊಟ್ಟಿ ಕಟ್ಟಿಸಬೇಡಿ. ಅರ್ಧ ಹೊಟ್ಟೆ ತುಂಬಿದ ತೊಟ್ಟಿಯಲ್ಲಿ ಒಲೆ ಉರಿಯುವುದಿಲ್ಲ.

ಈ ಮಾತಿಗೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ ಅವರ ಜೊತೆಗಾರರೂ ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಮಾಡಲು ಹೊರಟರು. ಮೊದಲು ಎಲ್ಲರ ಒಲೆಗೂ ಗ್ಯಾಸ್ ಕೊಡಬೇಕೆಂದಿದ್ದರು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಆಗ ಯೋಜನೆಯನ್ನು ಕೈಬಿಡದೆ ಜನರಿಗೆ ನಿಜವಾಗಿ ಏನು ಬೇಕು ಎಂದು ನೋಡಿದರು. ಬೇಕಾಗಿದ್ದದ್ದು ನೀರು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೊಗೆ 2 ಪೈಸೆ ಕೂಲಿ, ಮೇಲೆ ಗೊಬ್ಬರದ ರಾಡಿ ವಾಪಸು. ಕೆಲಸ ನಿಂತದ್ದು ಲೆಕ್ಕದ ಮೇಲೆ, ಆಸೆಯ ಮೇಲಲ್ಲ. ನಮ್ಮ ಮನೆಗೂ ಇದೇ ಪಾಠ.

ಇನ್ನು ಹಣದ ಲೆಕ್ಕ

ಈಗ ಪೆನ್ಸಿಲು, ಕಾಗದ ತೆಗೆದುಕೊಳ್ಳಿ. ಕೆಳಗಿನ ಬೆಲೆಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬೆಲೆ ಹಾಕಿಕೊಂಡು ನೀವೇ ಕೂಡಿಸಿ, ಕಳೆಯಿರಿ.

ಒಂದು ಎಮ್ಮೆ ಹತ್ತು ತಿಂಗಳು ಹಿಂಡುತ್ತದೆ, ಐದು ತಿಂಗಳು ಬತ್ತಿರುತ್ತದೆ ಎಂದಿಟ್ಟುಕೊಳ್ಳೋಣ. ಈದು ಈಯುವುದಕ್ಕೆ ಒಟ್ಟು ಹದಿನೈದು ತಿಂಗಳು. ಸರಾಸರಿ ದಿನಕ್ಕೆ 6 ಲೀಟರಿನಂತೆ 300 ದಿನಕ್ಕೆ 1,800 ಲೀಟರು. ಲೀಟರಿಗೆ 45 ರೂಪಾಯಿಯಂತೆ 81,000 ರೂಪಾಯಿ. ಕೇಳಲು ಚೆನ್ನಾಗಿದೆ!

ಖರ್ಚು ನೋಡಿ. ಹಿಂಡುವ ದಿನಗಳಲ್ಲಿ ಮೇವು, ಹಿಂಡಿ, ತೌಡಿಗೆ ದಿನಕ್ಕೆ 140 ರೂಪಾಯಿಯಂತೆ 42,000. ಬತ್ತಿದ 150 ದಿನಕ್ಕೆ ದಿನಕ್ಕೆ 80ರಂತೆ 12,000. ಔಷಧ, ವಿಮೆಗೆ 3,000. ಒಟ್ಟು 57,000. ಉಳಿದದ್ದು 24,000. ಹದಿನೈದು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,600 ರೂಪಾಯಿ.

ಈ ಎಮ್ಮೆಯನ್ನು 80,000 ಸಾಲ ಮಾಡಿ ತಂದು ಮೂರು ವರ್ಷದಲ್ಲಿ ತೀರಿಸಬೇಕಾದರೆ, ತಿಂಗಳಿಗೆ ಅಸಲೇ 2,222 ರೂಪಾಯಿ; ಬಡ್ಡಿ ಬೇರೆ. ಬರುವುದು 1,600, ಕಟ್ಟುವುದು 2,222ಕ್ಕೂ ಮೇಲೆ! ಉಳಿದದ್ದನ್ನು ಎಲ್ಲಿಂದ ತರಬೇಕು? ಹುಡುಗಿಯ ಶಾಲೆ ಫೀಸಿನಿಂದ, ಇಲ್ಲವೇ ನಮ್ಮ ಕಿವಿಯ ಓಲೆಯಿಂದ. ಎಷ್ಟೋ ಮನೆಯಲ್ಲಿ ಆಗುತ್ತಿರುವುದು ಇದೇ.

ಇದೇ ಎಮ್ಮೆಗೆ ಅರ್ಧ ಮೇವು ಸ್ವಂತ ಹೊಲದ್ದಾಗಿ 27,000 ಉಳಿದರೆ, ತಿಂಗಳ ಉಳಿಕೆ 3,400ಕ್ಕೆ ಏರುತ್ತದೆ. ಆಗ ಕಂತೂ ಕಟ್ಟಬಹುದು, ಕೈಯಲ್ಲೂ ಉಳಿಯುತ್ತದೆ. ಅಂದರೆ ಹೈನಿನ ಲಾಭ ಇರುವುದು ಕೆಚ್ಚಲಿನಲ್ಲಿ ಅಲ್ಲ, ಮೇವಿನಲ್ಲಿ. ಆದ್ದರಿಂದ ಮೇವಿನ ದಾರಿ ಇಲ್ಲದೆ ಪೂರ್ತಿ ಸಾಲದಲ್ಲಿ ಎಮ್ಮೆ ತರಬೇಡಿ. ಎರಡು ಕಟ್ಟುವುದಾದರೆ ಒಂದೇ ಸಲ ಈಯುವಂಥವು ಬೇಡ. ಒಂದು ಬತ್ತಿದಾಗ ಇನ್ನೊಂದು ಹಿಂಡುತ್ತಿರಲಿ.

ಬತ್ತಿದ ಐದು ತಿಂಗಳಿಗೆ ಮೇಲಿನ ಲೆಕ್ಕದಲ್ಲಿ 12,000 ರೂಪಾಯಿ ಬೇಕಷ್ಟೆ. ಹಿಂಡುವ ಕಾಲದಲ್ಲಿ ಲೀಟರಿಗೆ 7 ರೂಪಾಯಿಯಂತೆ ತೆಗೆದಿಟ್ಟರೆ 1,800 ಲೀಟರಿಗೆ 12,600 ಆಗುತ್ತದೆ. ಈ ದುಡ್ಡು ಅಂಚೆ ಕಚೇರಿಯ ಬೇರೆ ಖಾತೆಯಲ್ಲಿ ಇರಲಿ. ಹಾಲಿನ ದುಡ್ಡಿನ ಜೊತೆ ಸೇರಿದರೆ ಅದು ಜಾತ್ರೆಗೋ ಮದುವೆಯ ಮುಯ್ಯಿಗೋ ಹೋಗಿಯೇ ಹೋಗುತ್ತದೆ.

ಸರ್ಕಾರದ ಪ್ರೋತ್ಸಾಹಧನವನ್ನು ಮರೆಯಬೇಡಿ. ಸಂಘಕ್ಕೆ ಹಾಲು ಹಾಕುವವರಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾಗಿ, 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಇದು ಹಾಲಿನ ಬಿಲ್ಲಿನ ಜೊತೆ ಬರುವುದಿಲ್ಲ, ಬೇರೆಯಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಆದ್ದರಿಂದ ತಿಂಗಳ ರೇಷನ್ನಿಗೆ ಅದನ್ನು ನೆಚ್ಚಬೇಡಿ. ಬಂದಾಗ ಸಾಲಕ್ಕೆ ಹಾಕಿಬಿಡಿ.

ಹಿಂಡಿ, ಔಷಧದ ಖರ್ಚಿಗೆ ಕೈಸಾಲ ಮಾಡುವ ಬದಲು ಕಿಸಾನ್ ಕ್ರೆಡಿಟ್ ಕಾರ್ಡನ್ನು ಕೇಳಿ. ಹೊಲದವರಿಗೆ ಮಾತ್ರ ಇದ್ದ ಈ ಸೌಲಭ್ಯ 2018-19ರಿಂದ ದನ ಸಾಕುವವರಿಗೂ ಬಂದಿದೆ. ಸಕಾಲಕ್ಕೆ ತೀರಿಸಿದರೆ ನೂರಕ್ಕೆ 4ರ ಬಡ್ಡಿ. ನೆನಪಿಡಿ, ಇದು ದಿನದ ಖರ್ಚಿನ ಸಾಲ. ಎಮ್ಮೆ ಕೊಳ್ಳುವ ಸಾಲ ಬೇರೆ.

ವಿಮೆ: ಕಿವಿಯ ಓಲೆ ಜೋಪಾನ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ಹಂಪಿ ಸೀಮೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಜ್ವರ ಬಂದು ಸಾವಿರಾರು ದನ ಸತ್ತವು. 2022ರಲ್ಲಿ ಚರ್ಮಗಂಟು ರೋಗ. ಮೈತುಂಬ ಗಂಟು, ಜ್ವರ, ಮೇವು ಮುಟ್ಟದೆ ನಿಂತ ಆಕಳುಗಳನ್ನು ನೋಡಿ ಎಷ್ಟು ಮನೆಯಲ್ಲಿ ಕಣ್ಣೀರು ಹಾಕಿಲ್ಲ! ಆಗ ಸರ್ಕಾರ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಕೊಟ್ಟಿತು. ಆದರೆ ಆಕಳಿಗೆ ಕೊಟ್ಟ ಬೆಲೆ ಅದರ ಎರಡು ಮೂರು ಪಟ್ಟು ಇತ್ತಲ್ಲ?

ನಮ್ಮ ಕಡೆಯ ಒಬ್ಬ ತಾಯಿ ಹಾಲಿನ ದುಡ್ಡಿನಲ್ಲೇ ವಿಮೆ ಕಟ್ಟಿದ್ದಳು. ಆಕಳು ಗೂಟಕ್ಕೆ ತಿಕ್ಕಿಕೊಂಡು ಕಿವಿಯ ಓಲೆ ಹರಿದು ಬಿದ್ದಿತ್ತು. "ಆಮೇಲೆ ಹಾಕಿಸಿದರಾಯ್ತು" ಅಂತ ಮನೆಯವರು ಬಿಟ್ಟರು. ಆಕಳು ಸತ್ತ ದಿನ ವಿಮೆಯವರು ಮೊದಲು ಕೇಳಿದ್ದೇ ಓಲೆ. ಓಲೆ ಇಲ್ಲ, ದುಡ್ಡೂ ಇಲ್ಲ. ಆಕಳು ಹೋಯಿತು, ಸಾಲ ಉಳಿಯಿತು. ಹಗ್ಗ ಮಾತ್ರ ಇನ್ನೂ ಗೂಟದಲ್ಲಿ ಇತ್ತು.

ಆದ್ದರಿಂದ ಈ ಮಾತುಗಳನ್ನು ಬರೆದಿಟ್ಟುಕೊಳ್ಳಿ:

1. ವಿಮೆಯ ಕಂತಿಗೆ ಸರ್ಕಾರದ ಸಹಾಯ ಇದೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 2024ರಿಂದ ರೈತರ ಪಾಲು ನೂರಕ್ಕೆ 15 ಮಾತ್ರ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.
2. ಓಲೆಯ 12 ಅಂಕಿಯ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಓಲೆ ಕಾಣುವಂತೆ ದನದ ಫೋಟೋ ಇರಲಿ. ಓಲೆ ಬಿದ್ದರೆ ಅಂದೇ ತಿಳಿಸಿ ಹೊಸದು ಹಾಕಿಸಿ.
3. ದನ ಸತ್ತರೆ ಮೊದಲು ವಿಮೆಯವರಿಗೂ ಡಾಕ್ಟರಿಗೂ ತಿಳಿಸಿ. ಮರಣೋತ್ತರ ಪರೀಕ್ಷೆ ಆಗುವ ಮೊದಲು ಹೂಳಬೇಡಿ. ಆದ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹೊಳೆಗೆ, ಕಾಲುವೆಗೆ ಮಾತ್ರ ಎಸೆಯಬೇಡಿ.
4. ವಿಮೆ ಇಲ್ಲದಿದ್ದರೂ ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ರಾಜ್ಯದ 'ಅನುಗ್ರಹ' ಯೋಜನೆ ಇದೆ. ಆಕಳು, ಎಮ್ಮೆ, ಎತ್ತಿಗೆ 10,000 ಇದ್ದದ್ದನ್ನು 2025-26ರ ಬಜೆಟ್ಟಿನಲ್ಲಿ 15,000ಕ್ಕೆ ಏರಿಸಿದರು.
5. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಸಲ, ಪುಕ್ಕಟೆ. ಲಸಿಕೆಯವರು ಬಂದಾಗ "ಹಾಲು ಕಡಿಮೆ ಆಗ್ತದ" ಅಂತ ಬಾಗಿಲು ಮುಚ್ಚಬೇಡಿ. ಎರಡು ದಿನದ ಹಾಲು ದೊಡ್ಡದೋ, ದನ ದೊಡ್ಡದೋ?
6. ದನಕ್ಕೆ ಕಷ್ಟ ಬಂದರೆ ಪಶು ಸಹಾಯವಾಣಿ 1962 ಅನ್ನು ಮನೆಯವರೆಲ್ಲರೂ ತಿಳಿದಿರಲಿ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಚರ್ಮಗಂಟು ರೋಗ ಹರಡುವುದು ನೊಣ, ಸೊಳ್ಳೆ, ಉಣ್ಣೆಯಿಂದ. ಕೆಚ್ಚಲು ಬಾವು ಬರುವುದು ಒದ್ದೆ ಸಗಣಿಯ ಮೇಲೆ ಮಲಗಿದ ಎಮ್ಮೆಗೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದರೆ ಡಾಕ್ಟರು ಹೇಳಿದಷ್ಟು ದಿನ ಹಾಲು ಡೈರಿಗೂ ಹಾಕುವಂತಿಲ್ಲ, ಮಕ್ಕಳಿಗೂ ಕೊಡುವಂತಿಲ್ಲ. ಹೀಗೆ ತಿಪ್ಪೆಯ ಹೊಲಸು ಕೊನೆಗೆ ಬಂದು ನಿಲ್ಲುವುದು ಸಾಲದ ಪುಸ್ತಕದಲ್ಲಿ. ಸಗಣಿಯ ಲೆಕ್ಕ, ಹಣದ ಲೆಕ್ಕ ಬೇರೆಯಲ್ಲ ಅಂದದ್ದು ಇದಕ್ಕೇ.

ಮೇವಿನ ಬರಕ್ಕೆ ಒಂದು ಪಾಕ

ನೀರಿನ ಸೀಮೆಯೆಂದು ಮೈಮರೆಯುವ ಹಾಗಿಲ್ಲ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತವಾದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನೀರು ಹರಿದುಹೋದುದನ್ನು ನಾವೆಲ್ಲ ಎದೆ ಹಿಡಿದುಕೊಂಡು ನೋಡಿದೆವು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ಅಣೆಕಟ್ಟಿನ ನೀರಿಲ್ಲ ಎಂದಾಯಿತು. ಎರಡನೇ ನೆಲ್ಲಿಲ್ಲ ಅಂದರೆ ಎರಡನೇ ಹುಲ್ಲೂ ಇಲ್ಲ. ಆದ್ದರಿಂದ ಸುಗ್ಗಿಯಲ್ಲಿ ಹುಲ್ಲು ಅಗ್ಗವಾಗಿದ್ದಾಗಲೇ ಬಣವೆ ಹಾಕಿಕೊಳ್ಳಿ. ಸಂಡೂರಿನ ಕಡೆ ಅದಿರು ಲಾರಿಯ ರಸ್ತೆ ಬದಿಯ ಹುಲ್ಲಾದರೆ ಕೆಂಪು ಧೂಳು ಕೊಡವಿ, ತೊಳೆದು ಹಾಕಿ.

ಬರಿ ನೆಲ್ಲುಹುಲ್ಲಿನಲ್ಲಿ ಸತ್ವ ಕಡಿಮೆ. ಅದನ್ನು ಹೀಗೆ ಹದ ಮಾಡಬಹುದು:

ಬೇಕಾಗುವ ಸಾಮಾನು: ಒಣ ನೆಲ್ಲುಹುಲ್ಲು 100 ಕಿಲೊ, ಯೂರಿಯಾ 4 ಕಿಲೊ, ನೀರು 50 ಲೀಟರು, ಗಾಳಿಯಾಡದಂತೆ ಮುಚ್ಚಲು ದಪ್ಪ ಪ್ಲಾಸ್ಟಿಕ್ ಹಾಳೆ.

ಮಾಡುವ ವಿಧಾನ: ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಈ ನೀರನ್ನು ಸಮನಾಗಿ ಚಿಮುಕಿಸಿ, ತುಳಿದು ಗಟ್ಟಿ ಮಾಡಿ. ಹಾಳೆಯಿಂದ ಬಿಗಿಯಾಗಿ ಮುಚ್ಚಿ 21 ದಿನ ಬಿಡಿ. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ, ಘಾಟು ಹೋದ ಮೇಲೆ ಮೊದಲು ಸ್ವಲ್ಪ ಸ್ವಲ್ಪವೇ ಹಾಕಿ ರೂಢಿ ಮಾಡಿ.

ಎಚ್ಚರಿಕೆ: ಅಳತೆ ತಪ್ಪಬಾರದು. ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಕರಗಿಸಿದ ಯೂರಿಯಾ ನೀರು ದನ ಕುಡಿಯುವಂತೆ ಎಲ್ಲೂ ಇಡಬೇಡಿ, ಅದು ವಿಷ.

ಪುಸ್ತಕ ನಿಮ್ಮ ಕೈಯಲ್ಲಿರಲಿ

ಹಾಲು ಒಕ್ಕೂಟದ ಸಂಘದಲ್ಲಿ ನಿಮ್ಮ ಹೆಸರಿನಲ್ಲೇ ಸದಸ್ಯರಾಗಿ. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರಿನ ನಮ್ಮೆಲ್ಲರಿಗೂ ಒಂದೇ ಒಕ್ಕೂಟ. ಹೆಂಗಸರೇ ನಡೆಸುವ ಹಾಲಿನ ಸಂಘಗಳು ನಮ್ಮ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇವೆ. ಕೇಂದ್ರದ 'ಸ್ಟೆಪ್' ಯೋಜನೆಯಲ್ಲಿ ಅಂಥ ಅನೇಕ ಸಂಘಗಳು ಹುಟ್ಟಿದವು. ಸದಸ್ಯತ್ವ ನಿಮ್ಮ ಹೆಸರಲ್ಲಿದ್ದರೆ ಬಿಲ್ಲು ನಿಮ್ಮ ಖಾತೆಗೆ, ಮತ ನಿಮ್ಮ ಕೈಗೆ. ಮಗಳ ಹಳೆಯ ನೋಟ್ ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ಇಂದಿನ ಹಾಲು, ಇಂದಿನ ಮೇವಿನ ಖರ್ಚು, ಔಷಧ-ಲಸಿಕೆ, ಮಾರಿದ ಗೊಬ್ಬರ. ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಎರಡು ನಿಮಿಷ ಸಾಕು. ಮೂರು ತಿಂಗಳಾದ ಮೇಲೆ ಯಜಮಾನರ ಎದುರು ಇಟ್ಟು, "ಇನ್ನೊಂದು ಎಮ್ಮಿ ತರೋಣೇನ್ರಿ, ಬ್ಯಾಡೇನ್ರಿ, ಈ ಲೆಕ್ಕ ನೋಡಿ ಹೇಳ್ರಿ" ಅನ್ನಿ.

ಪೇಟೆಯಲ್ಲಿದ್ದು ಪ್ಯಾಕೆಟ್ ಹಾಲು ಕೊಳ್ಳುವ ಸೋದರಿಯರಿಗೂ ಒಂದು ಮಾತು. ಹಾಲಿಗೆ ಎರಡು ರೂಪಾಯಿ ಏರಿದಾಗ ಬೇಸರವಾಗುವುದು ಸಹಜ. ಆ ಲೀಟರಿನ ಹಿಂದೆ ಬೆಳಗಿನ ನಾಲ್ಕಕ್ಕೆ ಎದ್ದು ಸಗಣಿ ಬಾಚಿದ ಒಬ್ಬಳ ಕೈ ಇದೆ, ಅವಳ ತಲೆಯ ಮೇಲೊಂದು ಸಾಲ ಇದೆ ಎಂಬುದನ್ನೂ ನೆನೆಯಿರಿ.

ಹೈನು ಕಟ್ಟಿದವರೇ, ಈ ವಾರ ಮೂರೇ ಕೆಲಸ ಮಾಡಿ. ತಿಪ್ಪೆಗೂ ನೀರಿನ ಮೂಲಕ್ಕೂ ಎಷ್ಟು ದೂರವಿದೆಯೆಂದು ಹೆಜ್ಜೆ ಹಾಕಿ ಅಳೆಯಿರಿ. ದನದ ಕಿವಿಯಲ್ಲಿ ಓಲೆ ಇದೆಯೇ ನೋಡಿ. ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಇಂದಿನ ತಾರೀಖು ಬರೆಯಿರಿ.